ಆರು ದಿನಗಳಲ್ಲಿ ಐದು ಪಂದ್ಯ: ಸಿವಾನಿ ತಂಡದ ಕಥೆಯನ್ನು ಪೂರ್ತಿಯಾಗಿ ಹೇಳೋಣ

ಮಾನ್ಯ ಸಂಪಾದಕರೇ,

ಮುಂಬಯಿ ಮತ್ತು ಅದರ ಉಪನಗರಗಳಲ್ಲಿರುವ ನಮ್ಮ ಸಂಘ-ಸಂಸ್ಥೆಗಳು ದೀಪಾವಳಿ ರಜೆಯಿಂದ ತೊಡಗಿ ವಾರ್ಷಿಕ ಪರೀಕ್ಷೆಗಳು ಹತ್ತಿರವಾಗುವವರೆಗೆ ನಡೆಸುವ ಫುಟ್ಬಾಲ್, ಕಬಡ್ಡಿ, ವಾಲಿಬಾಲ್ ಪಂದ್ಯಾಟಗಳ ವರದಿಗಳನ್ನು ತಮ್ಮ ಪತ್ರಿಕೆಯು ದೊಡ್ಡ ತಂಡ, ಸಣ್ಣ ತಂಡವೆಂಬ ಭೇದವಿಲ್ಲದೆ ಪ್ರಕಟಿಸುತ್ತ ಬಂದಿದೆ. ಬೆಳಿಗ್ಗೆ ಆ ಪುಟವನ್ನೇ ಮೊದಲು ತೆರೆಯುವ ಓದುಗರಲ್ಲಿ ನಾನೂ ಒಬ್ಬ. ಪಂದ್ಯಾಟಗಳ ಸಂಘಟಕರು, ತರಬೇತುದಾರರು ಮತ್ತು ಹೆತ್ತವರು ಒಟ್ಟಾಗಿ ಓದುವ ಜಾಗ ಅದೊಂದೇ ಆಗಿರುವುದರಿಂದ ಈ ಪತ್ರವನ್ನು ತಮಗೆ ಬರೆಯುತ್ತಿದ್ದೇನೆ.

ಈಚೆಗೆ ನಮ್ಮ ಉದ್ಘಾಟನಾ ಸಮಾರಂಭಗಳಲ್ಲಿಯೂ ತಂಡಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿಯೂ ಅಮೆರಿಕದ ಒಂದು ಪುಟ್ಟ ಕಾಲೇಜು ತಂಡದ ಕಥೆ ಮತ್ತೆ ಮತ್ತೆ ಕೇಳಿಬರುತ್ತಿದೆ. ಸುಮಾರು ನೂರಿಪ್ಪತ್ತೈದು ವರ್ಷಗಳ ಹಿಂದೆ ಆ ಹುಡುಗರು ಆರು ದಿನಗಳಲ್ಲಿ ಐದು ಫುಟ್ಬಾಲ್ ಪಂದ್ಯಗಳನ್ನು ಆಡಿ ಐದನ್ನೂ ಗೆದ್ದರು, ಒಂದರಲ್ಲಿಯೂ ಎದುರಾಳಿಗೆ ಅಂಕ ಬಿಟ್ಟುಕೊಡಲಿಲ್ಲ, ಹಾಗಿರುವಾಗ ನಮ್ಮ ಮಕ್ಕಳು ಒಂದು ಭಾನುವಾರದಲ್ಲಿ ಮೂರು ನಾಲ್ಕು ಪಂದ್ಯ ಆಡಲು ಏಕೆ ಹಿಂಜರಿಯಬೇಕು ಎಂಬುದು ಆ ಮಾತಿನ ತಿರುಳು. ಕಥೆ ಸುಳ್ಳಲ್ಲ. ಆದರೆ ಅದರ ಅರ್ಧ ಭಾಗವನ್ನಷ್ಟೇ ಹೇಳಿ, ಆ ಅರ್ಧದ ಬಲದಿಂದ ಹನ್ನೆರಡು ಹದಿಮೂರು ವಯಸ್ಸಿನ ಮಕ್ಕಳನ್ನು ದಣಿಸುವುದು ಆ ತಂಡಕ್ಕೂ ನ್ಯಾಯವಲ್ಲ, ನಮ್ಮ ಮಕ್ಕಳಿಗೂ ನ್ಯಾಯವಲ್ಲ. ಮಹಾನಗರದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿ ದುಡಿದು ನಿವೃತ್ತನಾದ ನನಗೆ 1899ರ ಆ ತಂಡದ ಮೇಲೆ ಬಹಳ ಅಭಿಮಾನವಿದೆ. ಅಭಿಮಾನವಿರುವುದರಿಂದಲೇ ಅದರ ಕಥೆ ಪೂರ್ತಿಯಾಗಿ ನಮ್ಮವರಿಗೆ ತಿಳಿಯಲಿ ಎಂಬುದು ನನ್ನ ಆಸೆ.

ಅಮೆರಿಕದ ಟೆನೆಸಿ ರಾಜ್ಯದ ಬೆಟ್ಟದ ಮೇಲೆ ಸಿವಾನಿ ಎಂಬ ಊರಿದೆ. ಅಲ್ಲಿ ಎಪಿಸ್ಕೋಪಲ್ ಪಂಥದ ಬಿಷಪ್ಪರು 1857ರಲ್ಲಿ ಸಂಕಲ್ಪಿಸಿ, ಅಂತರ್ಯುದ್ಧದ ಕಾರಣದಿಂದ ತಡವಾಗಿ 1868ರಲ್ಲಿ ಪಾಠ ಆರಂಭಿಸಿದ ‘ಯೂನಿವರ್ಸಿಟಿ ಆಫ್ ದಿ ಸೌತ್’ ಎಂಬ ಚಿಕ್ಕ ವಿದ್ಯಾಸಂಸ್ಥೆಯಿದೆ. ಊರಿನ ಹೆಸರಿನಿಂದಲೇ ಅದನ್ನು ಸಿವಾನಿ ಎಂದು ಕರೆಯುತ್ತಾರೆ. 1899ರ ಋತುವಿನಲ್ಲಿ ಅದರ ತಂಡ ಹನ್ನೆರಡು ಪಂದ್ಯಗಳನ್ನು ಆಡಿ ಹನ್ನೆರಡನ್ನೂ ಗೆದ್ದಿತು. ಒಟ್ಟು 322 ಅಂಕಗಳನ್ನು ಗಳಿಸಿ, ಇಡೀ ಋತುವಿನಲ್ಲಿ ಎದುರಾಳಿಗಳಿಗೆ ಬಿಟ್ಟುಕೊಟ್ಟದ್ದು ಕೇವಲ 10. ಅಕ್ಟೋಬರ್ 21ರಂದು ಜಾರ್ಜಿಯಾ ವಿಶ್ವವಿದ್ಯಾಲಯವನ್ನು 12-0ರಿಂದ ಸೋಲಿಸಿ ಋತುವನ್ನು ಆರಂಭಿಸಿದ ಈ ತಂಡ ಮತ್ತೆರಡು ದಿನಗಳಲ್ಲಿ ಜಾರ್ಜಿಯಾ ಟೆಕ್ ತಂಡವನ್ನು 32-0ರಿಂದಲೂ ಆ ವಾರದ ಕೊನೆಗೆ ಟೆನೆಸಿ ವಿಶ್ವವಿದ್ಯಾಲಯವನ್ನು 46-0ರಿಂದಲೂ ಮಣಿಸಿತು. ನವೆಂಬರ್ 3ರಂದು ಸೌತ್‌ವೆಸ್ಟರ್ನ್ ಪ್ರೆಸ್ಬಿಟೇರಿಯನ್ ತಂಡದ ಮೇಲೆ 54-0ರ ಜಯ. ಆನಂತರ ಬಂದದ್ದೇ ಆ ಪ್ರಸಿದ್ಧ ಪ್ರವಾಸ.

ನವೆಂಬರ್ 9, ಗುರುವಾರ, ಆಸ್ಟಿನ್ ನಗರದಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ವಿರುದ್ಧ 12-0. ಮರುದಿನ ಹ್ಯೂಸ್ಟನ್‌ನಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿರುದ್ಧ 10-0. ಶನಿವಾರ ನ್ಯೂ ಆರ್ಲಿಯನ್ಸ್‌ನಲ್ಲಿ ಟುಲೇನ್ ವಿರುದ್ಧ 23-0. ಭಾನುವಾರ ಆಟವಿಲ್ಲ. ಸೋಮವಾರ ಬ್ಯಾಟನ್ ರೂಜ್‌ನಲ್ಲಿ ಲೂಸಿಯಾನಾ ತಂಡದ ವಿರುದ್ಧ 34-0, ಮಂಗಳವಾರ ಮೆಂಫಿಸ್‌ನಲ್ಲಿ ಮಿಸಿಸಿಪಿ ತಂಡದ ವಿರುದ್ಧ 12-0. ಐದು ಪಂದ್ಯಗಳಲ್ಲಿ 91 ಅಂಕ ಗಳಿಕೆ, ಎದುರಾಳಿಗಳದು ಸೊನ್ನೆ. ಈ ನಡುವೆ ರೈಲಿನಲ್ಲಿ ಕ್ರಮಿಸಿದ ದೂರ ಸುಮಾರು 2,500 ಮೈಲಿ, ಅಂದರೆ ನಾಲ್ಕು ಸಾವಿರ ಕಿಲೋಮೀಟರು. ಇಂದಿನ ಕೊಂಕಣ ರೈಲಿನಲ್ಲಿ ಮುಂಬಯಿಯಿಂದ ಮಂಗಳೂರಿಗೆ ಎರಡು ಸಲ ಹೋಗಿ ಬಂದರೂ ಅಷ್ಟು ದೂರವಾಗುವುದಿಲ್ಲ. ಇದನ್ನು ಓದಿದಾಗ ಮೈ ಜುಮ್ಮೆನ್ನದ ಕ್ರೀಡಾಭಿಮಾನಿ ಇರಲಾರ.

ನಮ್ಮ ಭಾಷಣಕಾರರು ಇಲ್ಲಿಗೆ ನಿಲ್ಲಿಸುತ್ತಾರೆ. ಮುಂದಿನದು ಅವರು ಹೇಳದಿರುವ ಭಾಗ.

ಮೊದಲನೆಯದಾಗಿ, ಅದು ಮುಂಬಯಿಯ ಕೂಪರೇಜ್ ಮೈದಾನದಲ್ಲಿ ನಾವು ನೋಡುವ ಫುಟ್ಬಾಲ್ ಅಲ್ಲ. ಚೆಂಡನ್ನು ತೋಳಿನಲ್ಲಿ ಅವುಚಿಕೊಂಡು ಎದುರಾಳಿಗಳ ಗೋಡೆಯನ್ನು ಭೇದಿಸಿ ಓಡುವ ಅಮೆರಿಕನ್ ಫುಟ್ಬಾಲ್ ಅದು. ಮೈಗೆ ಮೈ ತಾಗುವ ಲೆಕ್ಕದಲ್ಲಿ ನಮ್ಮ ಕಬಡ್ಡಿಗೇ ಹೆಚ್ಚು ಹತ್ತಿರ. ಆ ಕಾಲದ ನಿಯಮದಂತೆ ಮೂರು ಪ್ರಯತ್ನಗಳಲ್ಲಿ ಐದು ಗಜ ಮುಂದೆ ಸಾಗಿದರೆ ಚೆಂಡು ಅದೇ ತಂಡದ ಬಳಿ ಉಳಿಯುತ್ತಿತ್ತು. ಚೆಂಡನ್ನು ಮುಂದಕ್ಕೆ ಎಸೆಯುವುದು ನಿಷಿದ್ಧವಾಗಿದ್ದುದರಿಂದ ಆ ಐದು ಗಜಗಳನ್ನು ಗಳಿಸಲು ಆಟಗಾರರು ಒಬ್ಬರಿಗೊಬ್ಬರು ಒತ್ತಿಕೊಂಡು ಗುಂಪಾಗಿ ನುಗ್ಗುತ್ತಿದ್ದರು. 35 ನಿಮಿಷಗಳ ಎರಡು ಅವಧಿಗಳು, ಒಟ್ಟು 70 ನಿಮಿಷ. ಒಮ್ಮೆ ಮೈದಾನ ಬಿಟ್ಟು ಹೊರಗೆ ಹೋದ ಆಟಗಾರ ಮತ್ತೆ ಒಳಗೆ ಬರುವಂತಿರಲಿಲ್ಲ. ಹಾಗಾಗಿ ಪೆಟ್ಟಾದವನು ಪೆಟ್ಟನ್ನು ಮುಚ್ಚಿಟ್ಟು ಆಡುವುದೇ ರೂಢಿಯಾಗಿತ್ತು. ಶಿರಸ್ತ್ರಾಣ ಕಡ್ಡಾಯವಾಗಲು ಇನ್ನೂ ನಾಲ್ಕು ದಶಕಗಳು ಬೇಕಾಗಿದ್ದವು.

ಇದರ ಬೆಲೆ ಏನೆಂಬುದು ಸಿವಾನಿ ಆ ಋತುವಿನಲ್ಲಿ ಮೊದಲು ಎದುರಿಸಿದ ಜಾರ್ಜಿಯಾ ತಂಡಕ್ಕೆ ಚೆನ್ನಾಗಿ ಗೊತ್ತಿತ್ತು. ಅದಕ್ಕೆ ಎರಡು ವರ್ಷ ಮೊದಲು, 1897ರ ಅಕ್ಟೋಬರ್ 30ರಂದು, ಅಟ್ಲಾಂಟದಲ್ಲಿ ವರ್ಜೀನಿಯಾ ವಿರುದ್ಧ ನಡೆದ ಪಂದ್ಯದಲ್ಲಿ ಜಾರ್ಜಿಯಾದ ಆಟಗಾರ ವಾನ್ ಗ್ಯಾಮನ್ ತಲೆಗೆ ಪೆಟ್ಟು ಬಿದ್ದು ಮರುದಿನವೇ ತೀರಿಕೊಂಡಿದ್ದ. ಜಾರ್ಜಿಯಾದ ಶಾಸನಸಭೆ ರಾಜ್ಯದಲ್ಲಿ ಆ ಆಟವನ್ನೇ ನಿಷೇಧಿಸುವ ಮಸೂದೆಯನ್ನು ಅಂಗೀಕರಿಸಿತು. ಮಗನು ಪ್ರೀತಿಸಿದ ಆಟವನ್ನು ಅವನ ಸಾವಿನ ನೆಪದಲ್ಲಿ ನಿಲ್ಲಿಸಬಾರದೆಂದು ಆ ಹುಡುಗನ ತಾಯಿಯೇ ಬರೆದು ಕೇಳಿಕೊಂಡ ಮೇಲೆ, ಗವರ್ನರ್ ಅಟ್ಕಿನ್ಸನ್ ಮಸೂದೆಗೆ ಸಹಿ ಹಾಕಲಿಲ್ಲ. ಆ ತಾಯಿಯ ದೊಡ್ಡತನವನ್ನು ನಾನು ಗೌರವಿಸುತ್ತೇನೆ. ಆದರೆ ಒಬ್ಬ ತಾಯಿಯ ಕ್ಷಮೆಯ ಮೇಲೆ ನಿಂತು ಉಳಿದ ಆಟವದು ಎಂಬುದನ್ನು ಆ ಕಾಲದ ಗೆಲುವುಗಳನ್ನು ಹೊಗಳುವಾಗ ಮರೆಯಲಾಗದು.

ಎರಡನೆಯ ಮಾತು, ಪ್ರವಾಸ ಏಕೆ ಹಾಗೆ ಇಕ್ಕಟ್ಟಾಗಿ ನಿಗದಿಯಾಯಿತು ಎಂಬುದು. ದೇಹಬಲವನ್ನು ಲೋಕಕ್ಕೆ ತೋರಿಸಬೇಕೆಂದು ಯಾರೂ ಅದನ್ನು ಯೋಜಿಸಲಿಲ್ಲ. ನ್ಯಾಶ್‌ವಿಲ್‌ನ ವ್ಯಾಂಡರ್ಬಿಲ್ಟ್ ವಿಶ್ವವಿದ್ಯಾಲಯ ಸಿವಾನಿಯ ಹಳೆಯ ಎದುರಾಳಿ. ಟಿಕೇಟಿನ ಹಣದ ಹಂಚಿಕೆಯಲ್ಲಿ ಮನಸ್ತಾಪವಾಗಿ ಆ ವರ್ಷ ಆ ಪಂದ್ಯ ನಿಂತುಹೋಯಿತು. ಬರಬೇಕಾಗಿದ್ದ ಹಣ ಬಾರದೆ ಹೋದಾಗ ತಂಡದ ಖರ್ಚಿಗೆ ದಾರಿ ಹುಡುಕಬೇಕಾದ ಹೊಣೆ ವಿದ್ಯಾರ್ಥಿ ಮ್ಯಾನೇಜರ್ ಲೂಕ್ ಲೀ ಮೇಲೆ ಬಿತ್ತು. ಆಗ ಆತನಿಗೆ ಇಪ್ಪತ್ತರ ವಯಸ್ಸು. ದೂರದ ಊರುಗಳ ತಂಡಗಳೊಂದಿಗೆ ಒಪ್ಪಂದ ಮಾಡಿಕೊಂಡು, ಒಂದೇ ರೈಲು ಪ್ರಯಾಣದಲ್ಲಿ ಆದಷ್ಟು ಪಂದ್ಯಗಳನ್ನು ಸೇರಿಸಿದರೆ ಮಾತ್ರ ಖರ್ಚು ಹೊಂದುತ್ತದೆ ಎಂದು ಆತ ಲೆಕ್ಕ ಹಾಕಿದ. ಹಣದ ಇಕ್ಕಟ್ಟಿನಿಂದ ಹುಟ್ಟಿದ ವೇಳಾಪಟ್ಟಿಯನ್ನು ಶೌರ್ಯದ ಅಳತೆಗೋಲಾಗಿ ಎತ್ತಿಹಿಡಿಯುವ ಮುನ್ನ, ನಮ್ಮ ಸಂಘಟಕರು ತಮ್ಮ ವೇಳಾಪಟ್ಟಿಯೂ ಅದೇ ಕಾರಣದಿಂದ ಬಿಗಿಯಾಗಿದೆಯೇ ಎಂದು ಯೋಚಿಸಿ ನೋಡಲಿ.

ಈ ಲೂಕ್ ಲೀ ಬಗ್ಗೆ ನಾಲ್ಕು ಮಾತು ಹೆಚ್ಚಾಗಿ ಹೇಳಲೇಬೇಕು. ನನ್ನ ದೃಷ್ಟಿಯಲ್ಲಿ ಆ ಋತುವಿನ ನಿಜವಾದ ಪಾಠ ಆತನ ಕೆಲಸದಲ್ಲಿದೆ. ಇಪ್ಪತ್ತೊಂದು ಆಟಗಾರರನ್ನು ಆತ ಮಲಗಲು ಅನುಕೂಲವಿದ್ದ ರೈಲು ಬೋಗಿಯಲ್ಲಿ ಕರೆದೊಯ್ದ. ಪಂದ್ಯ ಮುಗಿದ ರಾತ್ರಿ ಹುಡುಗರು ಕುಳಿತು ತೂಕಡಿಸುವ ಬದಲು ಮೈ ಚಾಚಿ ಮಲಗಿದರು. ಪರಊರಿನ ನೀರು ಕುಡಿದು ಹೊಟ್ಟೆ ಕೆಡಬಾರದೆಂದು ಸಿವಾನಿಯ ಬುಗ್ಗೆಯ ನೀರನ್ನೇ ಪೀಪಾಯಿಗಳಲ್ಲಿ ತುಂಬಿಸಿ ರೈಲಿಗೆ ಹಾಕಿಸಿದ. ಹೊರಟ ಮೇಲೆ ಆಟದ ಬೂಟುಗಳ ಮೂಟೆ ಊರಿನ ನಿಲ್ದಾಣದಲ್ಲೇ ಉಳಿದುಹೋದದ್ದು ತಿಳಿದು, ತಂತಿ ಕಳುಹಿಸಿ ಹಿಂದಿನಿಂದ ಬರುವ ರೈಲಿನಲ್ಲಿ ಅವನ್ನು ತರಿಸಿಕೊಂಡ ಪ್ರಸಂಗವನ್ನು ಸಿವಾನಿಯವರು ಇಂದಿಗೂ ಹೇಳುತ್ತಾರೆ. ಬಿಲ್ಲಿ ಸೂಟರ್ ಎಂಬ, ಪ್ರಿನ್ಸ್‌ಟನ್‌ನಲ್ಲಿ ಕಲಿತು ಬಂದ ತರಬೇತುದಾರ ಹುಡುಗರನ್ನು ಪಳಗಿಸಿದ್ದ. ನಾಯಕ ಹೆನ್ರಿ ಸೀಬಲ್ಸ್ ಮತ್ತು ಫುಲ್‌ಬ್ಯಾಕ್ ಆರ್ಮಂಡ್ ಸಿಮ್ಕಿನ್ಸ್‌ರಂಥವರು ಮೈದಾನದಲ್ಲಿ ಆ ಪಳಗಿಕೆಯನ್ನು ತೋರಿಸಿದರು. ಆದರೂ ನೀರು, ನಿದ್ದೆ, ಬೂಟು, ಬದಲಿ ಆಟಗಾರರು ಎಂಬ ಈ ನಾಲ್ಕರ ಚಿಂತೆಯನ್ನು ಒಬ್ಬನು ಹೊತ್ತುಕೊಳ್ಳದೆ ಹೋಗಿದ್ದರೆ ಮೂರನೆಯ ಪಂದ್ಯದ ಹೊತ್ತಿಗೆ ಆ ತಂಡ ಮಲಗಿಬಿಡುತ್ತಿತ್ತೆಂಬುದರಲ್ಲಿ ನನಗೆ ಸಂಶಯವಿಲ್ಲ. ಮುಂದೆ ಲೂಕ್ ಲೀ 1907ರಲ್ಲಿ ನ್ಯಾಶ್‌ವಿಲ್‌ನಲ್ಲಿ ಪತ್ರಿಕೆಯೊಂದನ್ನು ಸ್ಥಾಪಿಸಿ, 1911ರಿಂದ 1917ರವರೆಗೆ ಅಮೆರಿಕದ ಸೆನೆಟ್ ಸದಸ್ಯನೂ ಆದ.

ಭಾನುವಾರದ ಬಿಡುವನ್ನೂ ಗಮನಿಸಬೇಕು. ಧರ್ಮಸಂಸ್ಥೆಯೊಂದು ನಡೆಸುವ ಕಾಲೇಜಿನ ತಂಡ ಭಾನುವಾರ ಆಡುವ ಪ್ರಶ್ನೆಯೇ ಇರಲಿಲ್ಲ. ಕಾರಣ ಏನೇ ಇರಲಿ, ಮೂರು ಪಂದ್ಯಗಳ ಬಳಿಕ ಅವರ ಮೈಗೆ ಒಂದು ಪೂರ್ತಿ ದಿನದ ವಿಶ್ರಾಂತಿ ದೊರೆಯಿತು. ನಮ್ಮ ಪಂದ್ಯಾಟಗಳಲ್ಲಿ ಎರಡು ಪಂದ್ಯಗಳ ನಡುವೆ ಎಷ್ಟೋ ಸಲ ಒಂದು ಗಂಟೆಯೂ ಇರುವುದಿಲ್ಲ.

ದಣಿದಿದ್ದಾಗಲೇ ಅವರು ಸೊನ್ನೆಗೆ ಸೋಲಿಸಿದರು, ವಿಶ್ರಾಂತಿ ಸಿಕ್ಕ ಮೇಲೆಯೇ ತಿಣುಕಾಡಿದರು ಎಂದು ವಾದಿಸುವವರೂ ಇದ್ದಾರೆ. ಪ್ರವಾಸದಿಂದ ಮರಳಿ ನವೆಂಬರ್ 20ರಂದು ಕಂಬರ್ಲೆಂಡ್ ತಂಡವನ್ನು 71-0ರಿಂದ ಸೋಲಿಸಿದ ಸಿವಾನಿ, ಹತ್ತು ದಿನಗಳ ಬಿಡುವಿನ ನಂತರ ಆಬರ್ನ್ ವಿರುದ್ಧ 11-10ರ ಅಂತರದಲ್ಲಿ ಹೇಗೋ ಪಾರಾಯಿತೆಂಬುದು ನಿಜ. ಇಡೀ ಋತುವಿನಲ್ಲಿ ಬಿಟ್ಟುಕೊಟ್ಟ ಹತ್ತೂ ಅಂಕಗಳು ಅಲ್ಲಿಯವೇ. ಆದರೆ ಆಬರ್ನ್ ತಂಡದ ತರಬೇತುದಾರ ಯಾರೆಂದು ನೋಡಿದರೆ ಉತ್ತರ ಸಿಗುತ್ತದೆ. ಇಂದು ಅಮೆರಿಕದ ಕಾಲೇಜು ಫುಟ್ಬಾಲಿನ ಅತ್ಯುನ್ನತ ಪ್ರಶಸ್ತಿಗೆ ಯಾರ ಹೆಸರಿದೆಯೋ ಆ ಜಾನ್ ಹೈಸ್ಮನ್ ಆತ, ಮತ್ತು ವೇಗದ ಆಟವನ್ನು ಕಲಿಸುವುದರಲ್ಲಿ ಆತನಿಗೆ ಸಮನಾದವರು ಆಗ ವಿರಳ. ಅಂಥ ಎದುರಾಳಿಯನ್ನು ಒಂದು ಅಂಕದಿಂದಲಾದರೂ ಗೆದ್ದು, ಎರಡೇ ದಿನಗಳ ನಂತರ ಅಟ್ಲಾಂಟದಲ್ಲಿ ನಾರ್ತ್ ಕೆರೊಲಿನಾ ತಂಡವನ್ನು 5-0ರಿಂದ ಸೋಲಿಸಿ ಋತುವನ್ನು ಮುಗಿಸಲು ಆ ಹತ್ತು ದಿನಗಳ ಬಿಡುವೇ ನೆರವಾಗಿರಬೇಕೆಂದು ನಾನು ತಿಳಿಯುತ್ತೇನೆ.

ಮೂರನೆಯ ಮಾತು ಎಲ್ಲಕ್ಕಿಂತ ಮುಖ್ಯವಾದುದು. ಆ ಬಗೆಯ ಆಟವನ್ನು ಆಡಿದ ದೇಶವೇ ಕೆಲವು ವರ್ಷಗಳಲ್ಲಿ ಅದನ್ನು ತಿದ್ದಿಕೊಂಡಿತು. 1905ರ ಒಂದೇ ಋತುವಿನಲ್ಲಿ ಫುಟ್ಬಾಲ್ ಮೈದಾನದ ಪೆಟ್ಟುಗಳಿಂದ ಕನಿಷ್ಠ 18 ಮಂದಿ ಸತ್ತರೆಂದು ಅಂದಿನ ಪತ್ರಿಕೆಗಳು ಲೆಕ್ಕ ಕೊಟ್ಟವು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅದೇ ವರ್ಷದ ಅಕ್ಟೋಬರಿನಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಮಾತನಾಡಿದರು. 1906ರಲ್ಲಿ ಹೊಸ ನಿಯಮಗಳು ಬಂದವು: ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ದೊರೆಯಿತು, ಗುಂಪಾಗಿ ನುಗ್ಗುವ ಆಟ ಕಡಿಮೆಯಾಗಲೆಂದು ಐದು ಗಜದ ಬದಲು ಹತ್ತು ಗಜ ಎಂದಾಯಿತು, ಎರಡು ತಂಡಗಳ ಸಾಲುಗಳ ನಡುವೆ ಅಂತರ ಗೊತ್ತುಮಾಡಲಾಯಿತು, ಆಟದ ಅವಧಿಯನ್ನು 70 ನಿಮಿಷಗಳಿಂದ 60ಕ್ಕೆ ಇಳಿಸಲಾಯಿತು. ಈ ತಿದ್ದುಪಡಿಗಳಿಗಾಗಿ ಸೇರಿದ ಕಾಲೇಜುಗಳ ಒಕ್ಕೂಟವೇ ಇಂದು ಎನ್‌ಸಿಎಎ ಎಂದು ಹೆಸರಾಗಿರುವ ಸಂಸ್ಥೆ. ಆ ಆಟವನ್ನು ಹತ್ತಿರದಿಂದ ಕಂಡವರು, ಅದನ್ನು ನಮಗಿಂತ ಹೆಚ್ಚು ಪ್ರೀತಿಸಿದವರು, ಹುಡುಗರ ಮೈಗೆ ಬೀಳುವ ಹೊರೆಯನ್ನು ಕಡಿಮೆ ಮಾಡಬೇಕೆಂದು ತೀರ್ಮಾನಿಸಿದರು. ನಾವು ಅವರಿಂದ ಕಲಿಯುವುದಾದರೆ 1899ರಿಂದ ಕಲಿತಷ್ಟನ್ನೇ 1906ರಿಂದಲೂ ಕಲಿಯಬೇಕು.

ಈಗ ನಮ್ಮ ಊರಿನ ವಿಷಯಕ್ಕೆ ಬರುತ್ತೇನೆ. ಫುಟ್ಬಾಲ್ ಮುಂಬಯಿಗೆ ಹೊಸತಲ್ಲ. ಸಿವಾನಿ ತಂಡದ ಆ ಪ್ರವಾಸಕ್ಕಿಂತ ಎಂಟು ವರ್ಷ ಮೊದಲೇ, 1891ರಲ್ಲಿ, ಇಲ್ಲಿ ರೋವರ್ಸ್ ಕಪ್ ಆರಂಭವಾಗಿತ್ತು. ಬ್ರಿಟಿಷ್ ಸೇನಾ ತುಕಡಿಗಳ ತಂಡಗಳೇ ಒಯ್ಯುತ್ತಿದ್ದ ಆ ಕಪ್ಪನ್ನು 1937ರಲ್ಲಿ ಗೆದ್ದು ಮೊದಲ ಬಾರಿಗೆ ಭಾರತೀಯರ ಕೈಗೆ ತಂದವರು ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡದವರು, ಮರುವರ್ಷವೂ ಅವರೇ ಗೆದ್ದರು ಎಂಬುದನ್ನು ಕನ್ನಡಿಗರಾದ ನಾವು ಹೆಮ್ಮೆಯಿಂದ ನೆನೆಯಬಹುದು. ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಓದಿದ ನಮ್ಮ ಹಿರಿಯರು ಸಿಕ್ಕ ಒಂದು ಬಿಡುವಿನಲ್ಲಿ ಮೈದಾನಕ್ಕೆ ಇಳಿದು ಆಟವನ್ನು ಉಳಿಸಿಕೊಂಡು ಬಂದರು. ಅವರ ಮೊಮ್ಮಕ್ಕಳೇ ಇಂದು ಡೊಂಬಿವಲಿ, ಮೀರಾರೋಡ್, ನೆರೂಲ್, ಕಾಂದಿವಲಿಗಳಿಂದ ಬೆಳಗಿನ ಲೋಕಲ್ ರೈಲು ಹಿಡಿದು ಪಂದ್ಯಾಟಗಳಿಗೆ ಬರುವವರು.

ಸಂಘಟಕರ ಕಷ್ಟ ನನಗೆ ತಿಳಿಯದ್ದೇನಲ್ಲ. ಈ ನಗರದಲ್ಲಿ ಮೈದಾನ ಸಿಗುವುದೇ ದುರ್ಲಭ, ಸಿಕ್ಕರೂ ಒಂದು ದಿನಕ್ಕೆ; ಬಾಡಿಗೆ, ರೆಫ್ರಿಗಳ ಗೌರವಧನ, ಶಾಮಿಯಾನ, ಊಟೋಪಚಾರ ಎಲ್ಲವೂ ದಿನದ ಲೆಕ್ಕದಲ್ಲಿ ಏರುತ್ತವೆ. ಪ್ರಾಯೋಜಕರು ಮತ್ತು ಅತಿಥಿಗಳು ಭಾನುವಾರ ಸಂಜೆಯ ಬಹುಮಾನ ವಿತರಣೆಗೆ ಮಾತ್ರ ಬರಬಲ್ಲರು. ಹೀಗಾಗಿ ಹದಿನಾರು ತಂಡಗಳ ಪಂದ್ಯಾಟವನ್ನು ಬೆಳಿಗ್ಗೆ ಆರಂಭಿಸಿ ಹೊನಲು ಬೆಳಕಿನಲ್ಲಿ ಮುಗಿಸುವ ಪರಿಪಾಠ ಬೆಳೆದಿದೆ. ಹದಿನಾರು ತಂಡಗಳೆಂದರೆ ಫೈನಲ್ ತಲುಪುವ ತಂಡಕ್ಕೆ ನಾಲ್ಕು ಪಂದ್ಯ. ತಲಾ 20 ನಿಮಿಷಗಳ ಎರಡು ಅವಧಿಗಳೆಂದು ಹಿಡಿದರೂ ಒಟ್ಟು 160 ನಿಮಿಷಗಳ ಆಟ. ವಯಸ್ಕ ವೃತ್ತಿಪರರು ಒಂದು ಪಂದ್ಯದಲ್ಲಿ ಆಡುವ 90 ನಿಮಿಷಗಳಿಗೆ ಹೋಲಿಸಿದರೆ ಒಂದೂಮುಕ್ಕಾಲು ಪಟ್ಟು. ಅದೂ ಅಕ್ಟೋಬರ್, ನವೆಂಬರಿನ ಮುಂಬಯಿ ಸೆಕೆಯಲ್ಲಿ, ನಡುವೆ ವಡಾಪಾವು ತಿಂದು, ನೆರಳಿಲ್ಲದ ಗೋಡೆಯ ಬದಿಯಲ್ಲಿ ಕುಳಿತು ಸರದಿ ಕಾಯುತ್ತ. ದುಡಿದ ಸ್ನಾಯುಗಳು ತಮ್ಮ ಇಂಧನವನ್ನು ಮರಳಿ ತುಂಬಿಕೊಳ್ಳಲು ಒಳ್ಳೆಯ ಊಟ ಸಿಕ್ಕಿದರೂ ಹೆಚ್ಚುಕಡಿಮೆ ಒಂದು ದಿನ ಬೇಕೆಂದು ಕ್ರೀಡಾವಿಜ್ಞಾನ ಹೇಳುತ್ತದೆ. ದಣಿದ ಕಾಲು ಚೆಂಡಿಗೆ ತಡವಾಗಿ ತಲುಪುತ್ತದೆ, ತಡವಾಗಿ ಬಂದ ಕಾಲು ಎದುರಾಳಿಯ ಕಾಲಿಗೆ ತಾಗುತ್ತದೆ; ದಿನದ ಕೊನೆಯ ಪಂದ್ಯಗಳಲ್ಲಿ ಮಕ್ಕಳಿಗೆ ಪೆಟ್ಟಾಗುವುದನ್ನು ನಾನು ವೃತ್ತಿಜೀವನದುದ್ದಕ್ಕೂ ಕಂಡಿದ್ದೇನೆ.

ಕಳೆದ ಋತುವಿನ ಒಂದು ಪಂದ್ಯಾಟದಲ್ಲಿ ನಾನು ಪ್ರೇಕ್ಷಕನಾಗಿದ್ದೆ. ಸಂಸ್ಥೆಯ ಹೆಸರು ಇಲ್ಲಿ ಅಗತ್ಯವಿಲ್ಲ. ಸೆಮಿಫೈನಲ್‌ನಲ್ಲಿ ತಲೆಗೆ ತಲೆ ಡಿಕ್ಕಿ ಹೊಡೆದು ಬಿದ್ದ ಹುಡುಗನೊಬ್ಬನನ್ನು ನೀರು ಚಿಮುಕಿಸಿ ಎಬ್ಬಿಸಿ, ಮುಕ್ಕಾಲು ಗಂಟೆಯ ನಂತರ ಫೈನಲ್‌ಗೆ ಇಳಿಸಿದರು. ತಂಡದಲ್ಲಿ ಬದಲಿ ಆಟಗಾರ ಇರಲಿಲ್ಲ. ಮೈದಾನದಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿತ್ತು, ಅದನ್ನು ಬಳಸಬಲ್ಲವರು ಇರಲಿಲ್ಲ. ಹುಡುಗನಿಗೆ ಆ ದಿನ ಅನಾಹುತವೇನೂ ಆಗಲಿಲ್ಲವೆಂಬುದು ದೇವರ ದಯೆ. ತಲೆಗೆ ಪೆಟ್ಟು ಬಿದ್ದ ಸಂಶಯವಿದ್ದರೂ ಸಾಕು, ಅಂದು ಮತ್ತೆ ಆಡಿಸಬಾರದು ಎಂಬುದು ಈಗ ಮಕ್ಕಳ ಆಟಗಳಲ್ಲಿ ಸಾಮಾನ್ಯವಾಗಿ ಒಪ್ಪಿಕೊಂಡಿರುವ ನಿಯಮ. ಮೊದಲ ಪೆಟ್ಟು ಮಾಯುವ ಮುನ್ನ ಬೀಳುವ ಎರಡನೆಯ ಪೆಟ್ಟು ಎಳೆಯ ಮಿದುಳಿಗೆ ಮಾರಕವಾಗಬಲ್ಲದು. ವಾನ್ ಗ್ಯಾಮನ್‌ನ ಕಾಲದಲ್ಲಿ ಈ ತಿಳಿವಳಿಕೆ ಇರಲಿಲ್ಲ. ನಮಗಿದೆ.

ಸಿವಾನಿಯ ಮುಂದಿನ ಚರಿತ್ರೆಯನ್ನೂ ನಮ್ಮ ಭಾಷಣಗಳಲ್ಲಿ ಸೇರಿಸಿಕೊಳ್ಳಬೇಕು. 1932ರಲ್ಲಿ ದಕ್ಷಿಣದ ದೊಡ್ಡ ವಿಶ್ವವಿದ್ಯಾಲಯಗಳು ಸೇರಿ ಸೌತ್ ಈಸ್ಟರ್ನ್ ಕಾನ್ಫರೆನ್ಸ್ ಎಂಬ ಕೂಟವನ್ನು ಕಟ್ಟಿದಾಗ ಸಿವಾನಿಯೂ ಅದರ ಸ್ಥಾಪಕ ಸದಸ್ಯನಾಗಿತ್ತು. ಆದರೆ ಆ ಕೂಟದ ಪಂದ್ಯಗಳಲ್ಲಿ ಒಂದನ್ನೂ ಗೆಲ್ಲಲಾಗದೆ 1940ರಲ್ಲಿ ಹೊರಗೆ ಬಂದು, ಓದುವುದಕ್ಕೆಂದು ಬಂದ ಹುಡುಗರೇ ಆಡುವ, ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡದ ಪದ್ಧತಿಯನ್ನು ಆರಿಸಿಕೊಂಡಿತು. ಇಂದಿಗೂ ಅಲ್ಲಿ ಫುಟ್ಬಾಲ್ ತಂಡವಿದೆ. 1899ರ ತಂಡವನ್ನು ಅವರು ಪೂಜಿಸುತ್ತಾರೆ, ಅದರಂತೆ ಇಂದಿನ ಹುಡುಗರನ್ನು ಆಡಿಸುವುದಿಲ್ಲ.

ಆದುದರಿಂದ ನಮ್ಮ ಸಂಸ್ಥೆಗಳ ಕ್ರೀಡಾ ಸಮಿತಿಗಳ ಕಾರ್ಯಾಧ್ಯಕ್ಷರಲ್ಲಿ ನನ್ನ ವಿನಂತಿಯಿಷ್ಟು. ಹದಿನಾಲ್ಕು ವರ್ಷದೊಳಗಿನ ಮಕ್ಕಳ ತಂಡಕ್ಕೆ ದಿನಕ್ಕೆ ಎರಡಕ್ಕಿಂತ ಹೆಚ್ಚು ಪಂದ್ಯಗಳನ್ನು ಇಡಬೇಡಿ, ಆ ಎರಡರ ನಡುವೆಯೂ ಕನಿಷ್ಠ ಮೂರು ಗಂಟೆಗಳ ಅಂತರವಿರಲಿ. ಹದಿನಾರು ತಂಡಗಳನ್ನು ಒಂದೇ ದಿನ ಆಡಿಸುವ ಬದಲು ಎರಡು ಭಾನುವಾರಗಳಿಗೆ ಹಂಚಬಹುದು. ಎರಡು ಸಂಸ್ಥೆಗಳು ಕೈಜೋಡಿಸಿ ಮೈದಾನವನ್ನು ಒಟ್ಟಿಗೆ ಪಡೆದರೆ ಬಾಡಿಗೆಯ ಹೊರೆಯೂ ಹಂಚಿಹೋಗುತ್ತದೆ. ಹನ್ನೊಂದು ಹೆಸರುಗಳಿರುವ ತಂಡವನ್ನು ನೋಂದಾಯಿಸಿಕೊಳ್ಳಲೇಬೇಡಿ, ಹದಿನೈದಾದರೂ ಇರಲಿ ಎಂದು ನಿಯಮ ಮಾಡಿ. ಆಗ ಪೆಟ್ಟಾದವನನ್ನು ಕೂರಿಸಲು ತರಬೇತುದಾರನಿಗೆ ಧೈರ್ಯ ಬರುತ್ತದೆ, ಮೂಲೆಯಲ್ಲಿ ನಿಂತು ನೋಡುವ ನಾಲ್ಕು ಮಕ್ಕಳಿಗೆ ಆಡುವ ಅವಕಾಶವೂ ಸಿಗುತ್ತದೆ. ನಮ್ಮವರಲ್ಲಿ ವೈದ್ಯರು, ದಾದಿಯರು ಬೇಕಾದಷ್ಟಿದ್ದಾರೆ. ಅತಿಥಿಗಳಿಗೆ ಆಮಂತ್ರಣ ಕೊಡುವ ಮೊದಲು ಅವರಲ್ಲಿ ಒಬ್ಬರನ್ನು ದಿನವಿಡೀ ಮೈದಾನದಲ್ಲಿ ಇರುವಂತೆ ಕೇಳಿಕೊಳ್ಳಿ.

ಪ್ರತಿ ತಂಡಕ್ಕೂ ಆಟ ಆಡದ ಒಬ್ಬ ಮ್ಯಾನೇಜರ್ ಇರಲೇಬೇಕೆಂಬುದು ನನ್ನ ಇನ್ನೊಂದು ಕೋರಿಕೆ. ಕಾಲೇಜಿನಲ್ಲಿ ಓದುತ್ತಿರುವ ನಮ್ಮ ಸಮುದಾಯದ ಯುವಕರು, ಯುವತಿಯರು ಈ ಹೊಣೆ ಹೊರಲು ಮುಂದೆ ಬರಲಿ. ಮಕ್ಕಳು ಬೆಳಿಗ್ಗೆ ಏನು ತಿಂದರು, ಕುಡಿಯುವ ನೀರು ಎಲ್ಲಿಂದ ಬಂತು, ಯಾರ ಬೂಟು ಕಿತ್ತುಹೋಗಿದೆ, ಯಾರು ಕುಂಟುತ್ತಿದ್ದಾರೆ, ಯಾರನ್ನು ಯಾವ ರೈಲಿಗೆ ಹತ್ತಿಸಬೇಕು ಎಂಬ ಲೆಕ್ಕವಿಡುವವರು ಒಬ್ಬರಿದ್ದರೆ ತಂಡದ ಅರ್ಧ ಕಷ್ಟ ಅಲ್ಲಿಯೇ ತೀರುತ್ತದೆ. ತಮ್ಮ ಪತ್ರಿಕೆಯೂ ಪಂದ್ಯಾಟದ ವರದಿಯಲ್ಲಿ ಗೆದ್ದ ತಂಡದ ನಾಯಕ, ತರಬೇತುದಾರರ ಹೆಸರಿನ ಜೊತೆಗೆ ಆ ಮ್ಯಾನೇಜರ್ ಹೆಸರನ್ನೂ, ತಂಡವು ಎಷ್ಟು ಗಂಟೆಗಳಲ್ಲಿ ಎಷ್ಟು ಪಂದ್ಯ ಆಡಿತು ಎಂಬುದನ್ನೂ ಪ್ರಕಟಿಸುವುದಾದರೆ, ಮುಂದಿನ ಋತುವಿನ ವೇಳಾಪಟ್ಟಿ ಬರೆಯಲು ಕೂರುವವರು ಎರಡು ಸಲ ಯೋಚಿಸಿಯಾರು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ,
ಡೊಂಬಿವಲಿ